ಯಂತ್ರದೊಳಗಣ ಸೂತ್ರಧಾರ

ವಿಡಿಯೋ ಗೇಮುಗಳೆಂದರೆ ಎಳೆಯರ ಕಾಲಹರಣವೆಂದೂ, ಅವುಗಳ ವಿಷಯದಲ್ಲಿ ಹಿರಿಯರು ಆಡಬೇಕಾದ ಮಾತು ‘ಸಾಕು, ನಿಲ್ಲಿಸು’ ಎಂಬುದೊಂದೇ ಎಂದೂ ನಮ್ಮ ಮನೆಗಳಲ್ಲಿ ಸಾಮಾನ್ಯವಾದ ನಂಬಿಕೆಯುಂಟು. ಹಲವು ಆಟಗಳ ಮಟ್ಟಿಗೆ ಈ ನಂಬಿಕೆ ಸರಿಯೇ ಇರಬಹುದು. ಆದರೆ ಅವುಗಳಲ್ಲಿ ಪಾತ್ರಧಾರಣೆಯ ಆಟಗಳೆಂಬ ಒಂದು ಕುಲವಿದೆ. ಅದಕ್ಕೆ ಐವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಕಳೆದ ಹತ್ತು ಹನ್ನೊಂದು ವರ್ಷಗಳಲ್ಲಿ ಲೋಕದ ಆಟಗಾರರು ಬಹುವಾಗಿ ಮೆಚ್ಚಿಕೊಂಡ ಕೃತಿಗಳಲ್ಲಿ ಹಲವು ಈ ಕುಲಕ್ಕೆ ಸೇರಿದವು. ಇವುಗಳಲ್ಲೊಂದನ್ನು ಮುಖ್ಯವಾಗಿ ಬರೆದವನು ಕಾದಂಬರಿಕಾರ. ಅದರಲ್ಲಿ ಅಡಗಿರುವ ಮಾತಿನ ಮೊತ್ತ ದೊಡ್ಡದೊಂದು ಗ್ರಂಥಮಾಲೆಯನ್ನು ಮೀರುವಷ್ಟು. ಹೀಗಿರಲು ಸಾಹಿತ್ಯವನ್ನು ಕುರಿತು ಯೋಚಿಸುವವರು ಅತ್ತ ಕಣ್ಣೆತ್ತಿಯೂ ನೋಡದಿರುವುದು ಉಚಿತವಲ್ಲವೆಂದು ತೋರಿ ಈ ಲೇಖನವನ್ನು ಬರೆಯಲು ತೊಡಗಿದ್ದೇವೆ.

ಪಾತ್ರಧಾರಣೆಯ ಆಟವೆಂದರೇನು? ನಮ್ಮ ಕರಾವಳಿಯ ತಾಳಮದ್ದಲೆಯನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಅಲ್ಲಿ ಪ್ರಸಂಗ ಗೊತ್ತಾದುದೇ, ಪದ್ಯಗಳೂ ಗೊತ್ತಾದುವೇ. ಆದರೆ ಅರ್ಥಧಾರಿಯು ಆಡುವ ಮಾತು ಮಾತ್ರ ಆ ರಾತ್ರಿಯದು. ಕರ್ಣನಾಗಿ ಕುಳಿತವನು ಏನು ಹೇಳುವನೆಂಬುದು ಎದುರಿಗೆ ಕೃಷ್ಣನಾಗಿ ಕುಳಿತವನಿಗೂ ಮುಂಚಿತವಾಗಿ ತಿಳಿಯದು. ಕೇಳಿ, ಯೋಚಿಸಿ, ಅಲ್ಲಿಯೇ ಉತ್ತರ ಕೊಡಬೇಕು. ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಎರಡು ಬಾಯಿ, ಎರಡು ಕಿವಿ. ಪಾತ್ರಧಾರಣೆಯ ಆಟದ ಜೀವವೂ ಇದೇ. ‘ನಾನು ಇಂಥವನು, ಈಗ ಹೀಗೆ ಮಾಡುತ್ತೇನೆ’ ಎಂದು ಒಬ್ಬನು ಹೇಳಬೇಕು; ‘ಹಾಗಾದರೆ ಹೀಗಾಯಿತು’ ಎಂದು ಇನ್ನೊಬ್ಬನು ಕೇಳಿ ಹೇಳಬೇಕು. ಈ ಆಟವು ಮನುಷ್ಯರ ನಡುವಿನಿಂದ ಯಂತ್ರದೊಳಕ್ಕೆ ಹೋದಾಗ ಬಾಯಿಗೇನೂ ಕೊರತೆಯಾಗಲಿಲ್ಲ. ಕಿವಿಯ ಗತಿಯೇನಾಯಿತು? ಈ ಆಟಗಳ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟ ಬಗೆಬಗೆಯ ಉತ್ತರಗಳೆಂದು ನಮ್ಮ ಎಣಿಕೆ.

ಆ ಕಿವಿಯ ಮೂಲವನ್ನು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ಆಶ್ಚರ್ಯಕರವಾದೊಂದು ಸ್ಥಳದಲ್ಲಿ, ಎಂದರೆ ಪ್ರಷ್ಯದ ಸೈನ್ಯದಲ್ಲಿ. ೧೮೧೨ರಲ್ಲಿ ರೈಸ್‌ವಿಟ್ಸ್ ಎಂಬವನು ಯುದ್ಧದ ಆಟವೊಂದನ್ನು ರಚಿಸಿ ಅಲ್ಲಿಯ ದೊರೆಗೆ ಒಪ್ಪಿಸಿದನು. ಸೇನಾಧಿಕಾರಿಯಾಗಿದ್ದ ಅವನ ಮಗನು ಅದನ್ನು ತಿದ್ದಿ ೧೮೨೪ರಲ್ಲಿ ಅಚ್ಚು ಹಾಕಿಸಿದನು. ಚದುರಂಗದಂತೆ ಮನೆಗಳಿರುವ ಹಲಗೆಯಲ್ಲ ಇದು. ನಿಜವಾದ ನೆಲದ ನಕ್ಷೆ. ಇಬ್ಬರು ಎದುರಾಳಿಗಳೂ ತಮ್ಮ ಆಜ್ಞೆಗಳನ್ನು ಬರೆದು ನಡುವೆ ಕುಳಿತ ಮಧ್ಯಸ್ಥನಿಗೆ ಕೊಡುವರು. ಅವನು ದಾಳ ಹಾಕಿ, ಕೋಷ್ಟಕ ನೋಡಿ, ಯಾರಿಗೆ ಏನು ಕಾಣಿಸಿತು, ಎಷ್ಟು ಮಂದಿ ಬಿದ್ದರು ಎಂಬುದನ್ನು ತಿಳಿಸುವನು. ಕಾಲಕ್ರಮದಲ್ಲಿ ಕೋಷ್ಟಕಗಳು ಬೆಳೆದು ಆಟವೇ ಕುಂಟತೊಡಗಿತು. ಆಗ ವೆರ್ದಿ ದು ವೆರ್ನ್ವಾ ಎಂಬ ಸೇನಾಪತಿಯು ೧೮೭೬ರಲ್ಲಿ ಒಂದು ಪುಸ್ತಕ ಬರೆದು, ಕೋಷ್ಟಕವನ್ನೂ ದಾಳವನ್ನೂ ಬದಿಗಿರಿಸಿ ಅನುಭವಿಯಾದ ಮಧ್ಯಸ್ಥನ ವಿವೇಕಕ್ಕೇ ತೀರ್ಪನ್ನು ಬಿಡತಕ್ಕುದೆಂದು ವಾದಿಸಿದನು. ಲೆಕ್ಕ ದೊಡ್ಡದೊ, ವಿವೇಕ ದೊಡ್ಡದೊ ಎಂಬ ಈ ಜಗಳವು ಇಂದಿನ ವಿಡಿಯೋ ಗೇಮುಗಳೊಳಗೂ ನಡೆಯುತ್ತಲೇ ಇರುವುದನ್ನು ಮುಂದೆ ನೋಡುವೆವು.

ಪ್ರಷ್ಯದ ಈ ವಿದ್ಯೆಯು ಅಮೆರಿಕಕ್ಕೆ ಹೋದುದು ಪುಸ್ತಕದ ಮೂಲಕ. ಚಾರ್ಲ್ಸ್ ಟಾಟನ್ ಎಂಬ ಅಲ್ಲಿಯ ಸೇನಾಧಿಕಾರಿ ೧೮೮೦ರಲ್ಲಿ ‘ಸ್ಟ್ರಾಟೆಗೋಸ್’ ಎಂಬ ಗ್ರಂಥವನ್ನು ಪ್ರಕಟಿಸಿದ್ದನು. ಸುಮಾರು ತೊಂಬತ್ತು ವರ್ಷಗಳ ಬಳಿಕ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಅವಳಿ ನಗರಗಳಲ್ಲಿ, ತವರದ ಸಿಪಾಯಿಗಳನ್ನಿಟ್ಟು ಯುದ್ಧದ ಆಟ ಆಡುತ್ತಿದ್ದ ಹುಡುಗರ ಕೂಟದಲ್ಲೊಬ್ಬನಾದ ಡೇವಿಡ್ ವೆಸ್ಲಿ ಇದನ್ನು ಗ್ರಂಥಾಲಯದಲ್ಲಿ ಕಂಡನು. ಆಟಗಾರನು ಏನನ್ನು ಬೇಕಾದರೂ ಮಾಡಲೆಳಸಬಹುದು, ಆದುದೋ ಇಲ್ಲವೋ ಎಂಬುದನ್ನು ಮಧ್ಯಸ್ಥನು ನಿರ್ಣಯಿಸತಕ್ಕುದು ಎಂಬ ಅದರೊಳಗಿನ ಭಾವನೆ ಅವನನ್ನು ಹಿಡಿಯಿತು. ೧೯೬೯ರಲ್ಲಿ ಬ್ರೌನ್‌ಸ್ಟೈನ್ ಎಂಬ ಕಲ್ಪಿತವಾದ ಜರ್ಮನ್ ಊರೊಂದನ್ನು ಮೇಜಿನ ಮೇಲೆ ಹರಡಿ, ಸೇನಾಪತಿಗಳ ಜೊತೆಗೆ ಕೆಲವರಿಗೆ ಬೇರೆ ಪಾತ್ರಗಳನ್ನೂ ಹಂಚಿದನು: ನೀನು ಊರಿನ ಮುಖ್ಯಾಧಿಕಾರಿ, ನೀನು ಸಾಹುಕಾರ, ನೀನು ವಿದ್ಯಾಪೀಠದ ಅಧಿಪತಿ. ಯುದ್ಧವಾಗಬೇಕಾಗಿತ್ತು, ಆಗಲೇ ಇಲ್ಲ. ಆಟಗಾರರು ಮೂಲೆ ಮೂಲೆಯಲ್ಲಿ ನಿಂತು ಒಬ್ಬರೊಡನೊಬ್ಬರು ಪಿಸುಗುಟ್ಟುತ್ತ, ಒಳಸಂಚು ಹೂಡುತ್ತ ಹೊತ್ತು ಕಳೆದರು. ವೆಸ್ಲಿ ತನ್ನ ಆಟ ಕೆಟ್ಟಿತೆಂದೇ ತಿಳಿದನು. ಆಡಿದವರು ಬಂದು ಮತ್ತೊಮ್ಮೆ ಯಾವಾಗ ಎಂದು ಕೇಳಿದರು! ಒಂದು ಕಲೆಯು ಹುಟ್ಟಿದ ಗಳಿಗೆಯನ್ನು ಅದನ್ನು ಹೆತ್ತವನೇ ಸೋಲೆಂದು ಎಣಿಸಿದ ನಿದರ್ಶನಗಳಲ್ಲಿ ಇದೂ ಒಂದು.

ಆ ಕೂಟದವನೇ ಆದ ಡೇವ್ ಆರ್ನೆಸನ್ ೧೯೭೧ರಲ್ಲಿ ಇದೇ ಕ್ರಮವನ್ನು ಬ್ಲ್ಯಾಕ್‌ಮೂರ್ ಎಂಬ ಕೋಟೆ, ಸುರಂಗ, ರಾಕ್ಷಸರ ಲೋಕಕ್ಕೆ ಅನ್ವಯಿಸಿದನು. ಲೇಕ್ ಜಿನೀವ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸನು ಅದಕ್ಕೆ ನಿಯಮಗಳ ಅಂಗಿ ತೊಡಿಸಿದನು. ಇಬ್ಬರ ಹೆಸರಿನಲ್ಲಿ ೧೯೭೪ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ ಹೊರಬಂದಿತು: ಒಂದು ಪೆಟ್ಟಿಗೆ, ಮೂರು ಸಣ್ಣ ಹೊತ್ತಗೆ, ಬೆಲೆ ೧೦ ಡಾಲರು, ಮೊದಲ ಮುದ್ರಣ ೧೦೦೦ ಪ್ರತಿ. ಪ್ರಷ್ಯದ ಮಧ್ಯಸ್ಥನೇ ಇಲ್ಲಿ ಕಥೆ ಹೇಳುವ ಸೂತ್ರಧಾರನಾದನು. ಬಾಗಿಲಲ್ಲಿ ರಾಕ್ಷಸನೊಬ್ಬ ನಿಂತಿದ್ದಾನೆಂದು ಅವನು ಹೇಳಿದರೆ, ಕತ್ತಿಯೆತ್ತುತ್ತೇನೆಂದು ಒಬ್ಬನು ಹೇಳಬಹುದು. ಜೋಗುಳ ಹಾಡಿ ಮಲಗಿಸುತ್ತೇನೆಂದು ಇನ್ನೊಬ್ಬನು ಹೇಳಬಹುದು. ಜೋಗುಳದ ವಿಚಾರ ಹೊತ್ತಗೆಯಲ್ಲಿ ಇಲ್ಲ. ಆದರೂ ಸೂತ್ರಧಾರನು ಅದನ್ನು ಕೇಳುತ್ತಾನೆ, ನಗುತ್ತಾನೆ, ದಾಳ ಹಾಕೆನ್ನುತ್ತಾನೆ.

ಇಂತಹ ಆಟವನ್ನು ಕಂಪ್ಯೂಟರಿನೊಳಗೆ ಇಳಿಸಲು ಒಂದು ವರ್ಷವೂ ಹಿಡಿಯಲಿಲ್ಲವೆನ್ನಬಹುದು. ೧೯೭೫ರ ಹೊತ್ತಿಗೆ ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೋ’ ಎಂಬ ಕಂಪ್ಯೂಟರು ವ್ಯವಸ್ಥೆಯಲ್ಲಿ, ಪಾಠಕ್ಕೆಂದು ಇದ್ದ ಜಾಗದಲ್ಲಿ, ಸುರಂಗದ ಆಟಗಳು ಕಾಣಿಸಿಕೊಂಡವು; ಅಧಿಕಾರಿಗಳು ಅಳಿಸಿದರು; ಅವು ಮತ್ತೆ ತಲೆಯೆತ್ತಿದವು. ಯಂತ್ರವು ದಾಳವನ್ನು ಮನುಷ್ಯನಿಗಿಂತ ಬೇಗ ಹಾಕಿತು, ಗಾಯದ ಲೆಕ್ಕವನ್ನು ತಪ್ಪಿಲ್ಲದೆ ಇಟ್ಟಿತು. ಜೋಗುಳವನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. ಹೊಡೆ, ಓಡು, ಮಂತ್ರ ಹೇಳು: ಇಷ್ಟರಲ್ಲೊಂದನ್ನು ಆರಿಸತಕ್ಕುದು. ೧೯೮೧ರ ‘ವಿಜರ್ಡ್ರಿ’ಯೂ ಅದೇ ವರ್ಷದ ‘ಅಲ್ಟಿಮ’ವೂ ಈ ಲೆಕ್ಕದ ದಾರಿಯಲ್ಲಿಯೇ ಬಹುದೂರ ಹೋದುವು.

ಆ ದಾರಿಯಲ್ಲಿ ಮೊದಲು ನಿಂತು ಹಿಂತಿರುಗಿ ನೋಡಿದವರು ಅಲ್ಟಿಮದ ಕರ್ತರಾದ ರಿಚರ್ಡ್ ಗ್ಯಾರಿಯಟ್. ತಮ್ಮ ಆಟವನ್ನು ಗೆಲ್ಲಲು ಆಟಗಾರರು ಅಂಗಡಿಯವರನ್ನು ದೋಚಿ, ಊರವರನ್ನು ಕೊಂದು ಸಾಗುತ್ತಿರುವುದು ಅವರಿಗೆ ತಿಳಿದುಬಂದಿತು. ಅದನ್ನು ತಡೆಯುವ ನಿಯಮವೇ ಆಟದಲ್ಲಿರಲಿಲ್ಲವಲ್ಲ! ೧೯೮೫ರಲ್ಲಿ ಹೊರಬಂದ ‘ಅಲ್ಟಿಮ’ದ ನಾಲ್ಕನೆಯ ಆಟದಲ್ಲಿ ಕೊಲ್ಲಬೇಕಾದ ದೊಡ್ಡ ರಾಕ್ಷಸನೇ ಇಲ್ಲ. ಸತ್ಯ, ಕರುಣೆ, ಧೈರ್ಯ, ನ್ಯಾಯ, ತ್ಯಾಗ, ಮಾನ, ಆಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ನಡೆಯಲ್ಲಿ ತೋರಿಸಿ ಆಟಗಾರನು ಒಂದು ಪದವಿಗೆ ಏರಬೇಕು. ಆ ಪದವಿಯ ಹೆಸರು ‘ಅವತಾರ’. ಇದು ನಮ್ಮ ಪುರಾಣಗಳಿಂದ ಹೊರಟ ಮಾತೇ. ಇಂದು ಲೋಕದ ಹುಡುಗರೆಲ್ಲ ತೆರೆಯ ಮೇಲಿನ ತಮ್ಮ ಗೊಂಬೆಯನ್ನು ‘ಅವತಾರ್’ ಎಂದು ಕರೆಯುವ ರೂಢಿಗೆ ಈ ಆಟವೂ ಒಂದು ಕಾರಣ. ಅದರಲ್ಲಿ ಮೂಲಿಕೆ ಮಾರುವವರು ಕುರುಡರು. ಬೆಲೆ ಹೇಳುತ್ತಾರೆ, ಹಣವನ್ನು ಎಣಿಸಿ ಇಡುವವನು ಆಟಗಾರನೇ. ಕಡಮೆ ಇಟ್ಟರೆ ಯಾರೂ ಕೂಗುವುದಿಲ್ಲ, ಕಾವಲುಗಾರರು ಬರುವುದಿಲ್ಲ. ಮೂಲಿಕೆ ಕೈಗೆ ಬರುತ್ತದೆ. ಯಂತ್ರವು ಮಾತ್ರ ಎಲ್ಲಿಯೋ ಒಂದು ಅಂಕಿಯನ್ನು ಸದ್ದಿಲ್ಲದೆ ಇಳಿಸುತ್ತದೆ. ಬಹುಕಾಲದ ಮೇಲೆ ಅರಮನೆಯ ಕಾಲಜ್ಞಾನಿಯನ್ನು ಕಂಡು ‘ನನ್ನ ಸತ್ಯ ಹೇಗಿದೆ?’ ಎಂದು ಕೇಳಿದರೆ ತಿಳಿಯುತ್ತದೆ. ಯಂತ್ರಕ್ಕೆ ಕಿವಿ ಮೂಡಲಿಲ್ಲ, ಸರಿ. ಆದರೆ ನೆನಪು ಮೂಡಿತು.

ಜಪಾನಿನ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದೊಂದು ಬೇರೆಯ ಗ್ರಂಥದ ವಿಷಯ. ಯೂಜಿ ಹೋರಿಯವರ ‘ಡ್ರಾಗನ್ ಕ್ವೆಸ್ಟ್’ (೧೯೮೬) ಮತ್ತು ಹಿರೊನೊಬು ಸಾಕಾಗುಚಿಯವರ ‘ಫೈನಲ್ ಫ್ಯಾಂಟಸಿ’ (೧೯೮೭) ಎಂಬ ಎರಡೂ ಅಮೆರಿಕದ ಲೆಕ್ಕವನ್ನು ಸುಲಭಗೊಳಿಸಿ, ಅದರ ಜೊತೆಗೆ ಗಟ್ಟಿಯಾದ ಕಥೆಯನ್ನು ಕಟ್ಟಿದುವೆಂದರೆ ಸಾಕು. ಅಲ್ಲಿ ಆಟಗಾರನು ಮಾತಾಡುವವನಿಗಿಂತ ಹೆಚ್ಚಾಗಿ ಕಥೆ ಕೇಳುವವನು. ಕೇಳುವ ಸುಖವೂ ಅಲ್ಪವಲ್ಲ.

ಮೇಜಿನ ಆಟದ ಮಾತುಗಾರಿಕೆಯನ್ನು ಯಂತ್ರಕ್ಕೆ ಮರಳಿ ತರಲು ದೊಡ್ಡ ಪ್ರಯತ್ನ ನಡೆದುದು ಕೆನಡದಲ್ಲಿ. ಎಡ್ಮಂಟನ್ ನಗರದ ಮೂವರು ವೈದ್ಯರು ೧೯೯೫ರಲ್ಲಿ ಸ್ಥಾಪಿಸಿದ ಬಯೋವೇರ್ ಸಂಸ್ಥೆಯು ೧೯೯೮ರ ಕೊನೆಯಲ್ಲಿ ‘ಬಾಲ್ಡರ್ಸ್ ಗೇಟ್’ ಎಂಬ ಆಟವನ್ನು ಹೊರತಂದಿತು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ನ ನಿಯಮಗಳೇ ಅದರ ತಳಹದಿ; ಜೊತೆಗಾರರು ತಮ್ಮತಮ್ಮಲ್ಲಿ ಜಗಳವಾಡುವರು, ನಾಯಕನ ನಡೆ ಹಿಡಿಸದಿದ್ದರೆ ಬಿಟ್ಟುಹೋಗುವರು. ಈ ಆಟದಿಂದ ಎರಡು ಕವಲುಗಳು ಹೊರಟುವು. ಒಂದನ್ನು ಕೊನೆಗಿಟ್ಟುಕೊಂಡು ಇನ್ನೊಂದನ್ನು ಮೊದಲು ಹೇಳುತ್ತೇವೆ. ಏಕೆಂದರೆ ಭಾಷಾಭಿಮಾನಿಗಳಿಗೆ ಅದರಲ್ಲಿ ವಿಶೇಷವಾದ ರುಚಿಯುಂಟು.

ಪೋಲೆಂಡಿನ ರಾಜಧಾನಿಯಾದ ವಾರ್ಸಾದಲ್ಲಿ ೧೯೯೪ರಲ್ಲಿ ಇಬ್ಬರು ತರುಣರು ಹೊರದೇಶದ ಆಟಗಳನ್ನು ತರಿಸಿ ಮಾರುವ ಸಿಡಿ ಪ್ರಾಜೆಕ್ಟ್ ಎಂಬ ವ್ಯಾಪಾರ ತೊಡಗಿದ್ದರು. ಕಳ್ಳಪ್ರತಿಗಳು ಬೀದಿಯಲ್ಲಿ ಅಗ್ಗವಾಗಿ ದೊರೆಯುತ್ತಿದ್ದಾಗ ಹಣ ಕೊಟ್ಟು ಕೊಳ್ಳುವವರಾರು? ಅವರು ಕಂಡ ಉಪಾಯ ಅನುವಾದ. ‘ಬಾಲ್ಡರ್ಸ್ ಗೇಟ್’ ಇಡಿಯಾಗಿ ಪೋಲಿಷ್ ಭಾಷೆಗೆ ಬಂದಿತು, ಹೆಸರಾಂತ ನಟರು ಅದಕ್ಕೆ ದನಿ ಕೊಟ್ಟರು, ಜನ ಕೊಂಡರು. ಆ ಗಳಿಕೆಯಿಂದಲೂ ಅನುಭವದಿಂದಲೂ ಧೈರ್ಯ ತಾಳಿ ಅವರು ಸ್ವಂತದ ಆಟಕ್ಕೆ ಕೈಹಾಕಿದರು. ಕಥೆಗಾಗಿ ತಮ್ಮ ನಾಡಿನ ಲೇಖಕ ಆಂದ್ಜೆಯ್ ಸಪ್ಕೋವ್‌ಸ್ಕಿಯವರ ಬಳಿಗೆ ಹೋದರು. ಅವರ ‘ವಿಚರ್’ ಕಥೆಗಳಲ್ಲಿ ಮೊದಲನೆಯದು ೧೯೮೬ರಲ್ಲಿ ಒಂದು ಪತ್ರಿಕೆಯಲ್ಲಿ ಬಂದಿತ್ತು. ೨೦೦೭ರ ಮೊದಲ ‘ವಿಚರ್’ ಆಟವನ್ನು ನಡೆಸಿದ ಯಂತ್ರವ್ಯವಸ್ಥೆ ಬಯೋವೇರಿನಿಂದಲೇ ಪಡೆದದ್ದು. ೨೦೧೧ರಲ್ಲಿ ಪೋಲೆಂಡಿನ ಪ್ರಧಾನಿಯು ಅಮೆರಿಕದ ಅಧ್ಯಕ್ಷನಿಗೆ ಕೊಟ್ಟ ಉಡುಗೊರೆಗಳಲ್ಲಿ ಎರಡನೆಯ ‘ವಿಚರ್’ ಸೇರಿತ್ತು. ‘ಇಂಗ್ಲಿಷ್ ಗೀತಗಳು’ ಬಂದು ನಮ್ಮ ಹೊಸ ಕಾವ್ಯಕ್ಕೆ ದಾರಿ ಮಾಡಿದುದನ್ನು ಬಲ್ಲ ಕನ್ನಡಿಗರಿಗೆ ಅನುವಾದದಿಂದ ಸ್ವಂತಕ್ಕೆ ಏರಿದ ಈ ಕಥೆ ಅಪರಿಚಿತವಾಗಿ ತೋರಲಾರದು. ಆದರೆ ಇಂತಹ ಆಟವೊಂದು ಕನ್ನಡದಲ್ಲಿ ಮಾತಾಡುವುದನ್ನು ಕೇಳುವ ಭಾಗ್ಯ ನಮಗೆ ಇನ್ನೂ ಬಂದಿಲ್ಲ.

೨೦೧೫ರ ಮೇ ತಿಂಗಳಲ್ಲಿ ಬಂದ ಮೂರನೆಯ ‘ವಿಚರ್’ ಈಚಿನ ವರ್ಷಗಳ ಮೆಚ್ಚಿಗೆಯ ಆಟಗಳಿಗೆಲ್ಲ ಒಂದು ಅಳತೆಗೋಲಾಗಿದೆ. ಇದರಲ್ಲಿ ಆಟಗಾರನು ತನಗೆ ಬೇಕಾದವನಾಗುವಂತಿಲ್ಲ. ಗೆರಾಲ್ಟ್ ಎಂಬ ಕೂಲಿಯ ಬೇಟೆಗಾರನೇ ಆಗಬೇಕು. ಆಡಬಹುದಾದ ಮಾತುಗಳೂ ಎಣಿಸಿದಷ್ಟು. ಕಿವಿ ಇಲ್ಲಿ ಕಿರಿದು. ಆದರೆ ಒಮ್ಮೆ ಆಡಿದ ಮಾತಿನ ಭಾರ ಎಂತಹುದು ನೋಡಿ. ಯುದ್ಧದಿಂದ ಹಾಳಾದ ವೆಲೆನ್ ಎಂಬ ಸೀಮೆಯಲ್ಲಿ ಒಬ್ಬ ಪಾಳೆಯಗಾರನಿದ್ದಾನೆ. ಹೆಂಡತಿಯೂ ಮಗಳೂ ಕಾಣೆಯಾಗಿದ್ದಾರೆ, ಹುಡುಕಿಕೊಡು ಎನ್ನುತ್ತಾನೆ. ಹುಡುಕುತ್ತ ಹೋದಂತೆ ಅವರನ್ನು ಯಾರೂ ಕದ್ದಿಲ್ಲ, ಅವನ ಕುಡಿತಕ್ಕೂ ಹೊಡೆತಕ್ಕೂ ತಾಳಲಾರದೆ ಓಡಿಹೋಗಿದ್ದಾರೆ ಎಂದು ತಿಳಿಯುತ್ತದೆ. ಅವನನ್ನು ನೀಚನೆಂದು ತಳ್ಳಿಬಿಡೋಣವೆಂದರೆ ಅವನ ಪಶ್ಚಾತ್ತಾಪವೂ ನಿಜವಾದುದೇ. ಈ ನಡುವೆ ಇನ್ನೊಂದು ಕಡೆ ಮರದ ಬುಡದಲ್ಲಿ ಸೆರೆಯಾದ ಒಂದು ಭೂತ ಎದುರಾಗುತ್ತದೆ: ಬಿಡಿಸಿದರೆ ಜೌಗಿನ ಮಾಟಗಾತಿಯರ ಕೈಯಲ್ಲಿರುವ ಅನಾಥ ಮಕ್ಕಳನ್ನು ಉಳಿಸುವೆನೆನ್ನುತ್ತದೆ. ಬಿಡಿಸಿದರೆ ಮಕ್ಕಳು ಉಳಿಯುತ್ತಾರೆ, ಒಂದು ಹಳ್ಳಿ ನಾಶವಾಗುತ್ತದೆ, ಪಾಳೆಯಗಾರನ ಹೆಂಡತಿ ಸಾಯುತ್ತಾಳೆ, ಅವನು ನೇಣು ಹಾಕಿಕೊಳ್ಳುತ್ತಾನೆ. ಭೂತವನ್ನು ಕೊಂದರೆ ಮಕ್ಕಳ ಸುಳಿವಿಲ್ಲ; ಹೆಂಡತಿ ಬುದ್ಧಿ ಕೆಟ್ಟು ಬದುಕುತ್ತಾಳೆ, ಗಂಡ ಅವಳನ್ನು ಕರೆದುಕೊಂಡು ವೈದ್ಯನನ್ನು ಅರಸುತ್ತ ಹೊರಡುತ್ತಾನೆ. ಆರಿಸುವ ಗಳಿಗೆಯಲ್ಲಿ ಇದಾವುದೂ ಆಟಗಾರನಿಗೆ ಗೊತ್ತಿರುವುದಿಲ್ಲ. ಕುರುಡಿಯ ಮುಂದೆ ಕಡಮೆ ಹಣವಿಟ್ಟವನಿಗೆ ತಾನು ಮಾಡುತ್ತಿರುವುದು ತಪ್ಪೆಂದಾದರೂ ಗೊತ್ತಿತ್ತು. ಇಲ್ಲಿ ಆ ಆಧಾರವೂ ಇಲ್ಲ. ಮೂವತ್ತು ವರ್ಷಗಳಲ್ಲಿ ಯಂತ್ರದ ನೆನಪು ಬಾಲನೀತಿಯಿಂದ ದುಃಖಾಂತ ನಾಟಕಕ್ಕೆ ಬೆಳೆದಿತ್ತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಟೋಬಿ ಫಾಕ್ಸ್ ಎಂಬವರು ಬಹುಮಟ್ಟಿಗೆ ಒಬ್ಬರೇ ರಚಿಸಿದ ‘ಅಂಡರ್‌ಟೇಲ್’ ಎಂಬ ಪುಟ್ಟ ಆಟವೂ ಹೊರಬಂದಿತು. ಇದರಲ್ಲಿ ಎದುರಾದ ಯಾರನ್ನೂ ಕೊಲ್ಲದೆ ಕೊನೆಮುಟ್ಟಬಹುದು. ತಾಯಿಯಂತೆ ಸಲಹಿದವಳನ್ನು ಆತುರದಲ್ಲಿ ಕೊಂದು, ಪಶ್ಚಾತ್ತಾಪಗೊಂಡು, ಆಟವನ್ನು ಹಿಂದಕ್ಕೆ ತಿರುಗಿಸಿ ಅವಳನ್ನು ಉಳಿಸಿದವನಿಗೆ ಮುಂದೆ ಒಂದು ಹೂವು ಎದುರಾಗಿ, ನೀನು ಮೊದಲು ಮಾಡಿದುದನ್ನು ನಾನು ಬಲ್ಲೆ ಎಂದು ಹಂಗಿಸುತ್ತದೆ. ಅಳಿಸಿದ್ದೂ ಅಳಿಯದ ನೆನಪು! ಈ ಒಂದು ಉಪಾಯಕ್ಕಾಗಿಯೇ ಫಾಕ್ಸರಿಗೆ ಈ ಚರಿತ್ರೆಯಲ್ಲಿ ಸ್ಥಾನ ಸಲ್ಲತಕ್ಕುದು.

ಇನ್ನು ನಮ್ಮ ಮತದಲ್ಲಿ ಈ ಕುಲದ ಅತ್ಯಂತ ಸಾಹಿತ್ಯಿಕವಾದ ಕೃತಿಗೆ ಬರೋಣ. ಎಸ್ಟೋನಿಯದ ರಾಜಧಾನಿ ಟ್ಯಾಲಿನ್ನಿನಲ್ಲಿ ಕೆಲವು ಬಡ ತರುಣರು ವರ್ಷಗಟ್ಟಲೆ ಮೇಜಿನ ಸುತ್ತ ಪಾತ್ರಧಾರಣೆಯ ಆಟ ಆಡುತ್ತ ತಮ್ಮದೇ ಆದ ಒಂದು ಲೋಕವನ್ನು ಕಟ್ಟಿದ್ದರು. ಅವರಲ್ಲೊಬ್ಬರಾದ ರಾಬರ್ಟ್ ಕುರ್ವಿಟ್ಸ್ ಆ ಲೋಕವನ್ನು ಕುರಿತು ಎಸ್ಟೋನಿಯನ್ ಭಾಷೆಯಲ್ಲಿ ೨೦೧೩ರಲ್ಲಿ ಒಂದು ಕಾದಂಬರಿ ಪ್ರಕಟಿಸಿದರು. ಮಾರಿದುದು ಸುಮಾರು ೧೦೦೦ ಪ್ರತಿ. ಸಣ್ಣ ಭಾಷೆಯ ಲೇಖಕನ ಈ ಅಳಲು ನಮಗೆ ತಿಳಿಯದುದಲ್ಲ. ನಿರಾಶೆಯಲ್ಲಿ ಮುಳುಗಿದ್ದ ಅವರನ್ನು ಗೆಳೆಯನಾದ ಕೌರ್ ಕೆಂಡರ್ ಎಂಬ ಇನ್ನೊಬ್ಬ ಕಾದಂಬರಿಕಾರನು ಎತ್ತಿ ನಿಲ್ಲಿಸಿ, ಅದೇ ಲೋಕವನ್ನು ಆಟವಾಗಿಸೋಣವೆಂದನು. ಹೀಗೆ ಇಂಗ್ಲಿಷಿನಲ್ಲಿ ಬರೆದು ೨೦೧೯ರ ಅಕ್ಟೋಬರ್ ೧೫ರಂದು ಹೊರಬಂದುದು ‘ಡಿಸ್ಕೋ ಎಲಿಸಿಯಮ್’. ಅದರೊಳಗೆ ಸುಮಾರು ೧೦ ಲಕ್ಷ ಪದಗಳಿವೆ.

ಸೋತ ಕ್ರಾಂತಿಯೊಂದರ ಅವಶೇಷದಂತಿರುವ ಬಂದರಿನ ಕೇರಿ; ಅಲ್ಲಿಯ ಛತ್ರದ ಕೊಠಡಿಯಲ್ಲಿ ಒಬ್ಬ ಪತ್ತೇದಾರನು ಎಚ್ಚರಗೊಳ್ಳುತ್ತಾನೆ. ಕುಡಿದು ಕುಡಿದು ತನ್ನ ಹೆಸರನ್ನೂ ಮರೆತಿದ್ದಾನೆ. ಹಿತ್ತಿಲಿನ ಮರದಲ್ಲಿ ಒಂದು ಹೆಣ ಏಳು ದಿನಗಳಿಂದ ತೂಗುತ್ತಿದೆ. ಅದನ್ನು ತನಿಖೆ ಮಾಡಬೇಕಾದವನು ತಾನೇ ಎಂಬುದು ಅವನಿಗೆ ಬೇರೆಯವರಿಂದ ತಿಳಿಯಬೇಕು. ಇದರಲ್ಲಿ ಕತ್ತಿಯ ಕಾಳಗವಿಲ್ಲ. ಇರುವುದು ೨೪ ಶಕ್ತಿಗಳು, ತರ್ಕ, ಅನುಕಂಪ, ಅಧಿಕಾರ, ಸಹನೆ ಮೊದಲಾದುವು. ಪ್ರತಿಯೊಂದಕ್ಕೂ ಅವನ ತಲೆಯೊಳಗೆ ಒಂದೊಂದು ದನಿ. ಒಬ್ಬ ಸಾಕ್ಷಿ ಸುಳ್ಳು ಹೇಳುವಾಗ ಒಂದು ದನಿ ಎಚ್ಚರಿಸುತ್ತದೆ. ಇನ್ನೊಂದು ‘ಅವಳ ಕೈ ನಡುಗುತ್ತಿದೆ, ಬಿಡು’ ಎಂಬಂತೆ ಮರುಗುತ್ತದೆ. ಮತ್ತೊಂದಕ್ಕೆ ಸಾರಾಯಿಯ ಚಿಂತೆ. ದಾಳ ಇಲ್ಲಿಯೂ ಎರಡು ಬೀಳುತ್ತವೆ. ಆದರೆ ಸೋಲು ಬಿದ್ದರೆ ಆಟ ನಿಲ್ಲುವುದಿಲ್ಲ. ಸೋತವನಿಗೆಂದೇ ಬರೆದ ಮಾತು, ಎಷ್ಟೋ ಸಲ ಗೆದ್ದವನಿಗೆ ಬರೆದುದಕ್ಕಿಂತ ಸೊಗಸಾದುದು, ಕಾದಿರುತ್ತದೆ. ಮೊದಲ ಕೊಠಡಿಯಲ್ಲಿಯೇ ತಿರುಗುವ ಪಂಖದಿಂದ ತನ್ನ ಕುತ್ತಿಗೆಪಟ್ಟಿಯನ್ನು ಎಟುಕಿಸಿಕೊಳ್ಳಲು ಹೋಗಿ, ದೇಹಬಲ ಕಡಮೆಯಿದ್ದರೆ, ಎದೆಯೊಡೆದು ಸಾಯಬಹುದು! ಕಥೆ ತೊಡಗುವ ಮೊದಲೇ ನಾಯಕನನ್ನು ಹೀಗೆ ಹಾಸ್ಯಾಸ್ಪದವಾಗಿ ಕೊಲ್ಲುವ ಧೈರ್ಯ ಎಷ್ಟು ಲೇಖಕರಿಗುಂಟು?

ಕಿವಿಯ ಪ್ರಶ್ನೆಗೆ ಕುರ್ವಿಟ್ಸರ ಉತ್ತರ ವಿಲಕ್ಷಣವಾದುದು. ಹೊರಗಿನವರು ಆಟಗಾರನ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವಂತೆ ಮಾಡುವುದು ಯಂತ್ರಕ್ಕೆ ಆಗದ ಕೆಲಸ; ಹಾಗಾದರೆ ಆಟಗಾರನು ತನ್ನನ್ನೇ ತಾನು ಕೇಳಿಸಿಕೊಳ್ಳಲಿ. ಸೂತ್ರಧಾರನನ್ನು ಅವರು ಇಪ್ಪತ್ತನಾಲ್ಕು ತುಂಡು ಮಾಡಿ ಪಾತ್ರದ ತಲೆಯೊಳಗೇ ಕೂರಿಸಿದರು. ಬರೆಯುವವರು ಮೊದಲು ಒಂದು ಮೇಜಿನ ಸುತ್ತ ಬಹುಕಾಲ ಕುಳಿತಿದ್ದವರಾದುದರಿಂದಲೇ ಇದು ಸಾಧ್ಯವಾಯಿತೆಂದು ತೋರುತ್ತದೆ.

ಆ ಮೇಜಿನ ಮುಂದಿನ ಕಥೆ ವ್ಯಸನಕರವಾದುದು. ಆಟಕ್ಕೆ ಆ ವರ್ಷದ ‘ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ನಾಲ್ಕು ಬಹುಮಾನಗಳು ಬಂದುವು. ೨೦೨೧ರ ಮಾರ್ಚಿಯಲ್ಲಿ ಮಾತುಗಳಿಗೆಲ್ಲ ದನಿ ಕೊಟ್ಟ ಆವೃತ್ತಿಯೂ ಬಂದಿತು. ೨೦೨೨ರ ಅಕ್ಟೋಬರಿನಲ್ಲಿ ಕುರ್ವಿಟ್ಸ್, ಚಿತ್ರಕಾರ ರೊಸ್ತೋವ್, ಲೇಖಕಿ ಹಿಂಡ್‌ಪೆರೆ ಎಂಬ ಮೂವರೂ ಹಿಂದಿನ ವರ್ಷದ ಕೊನೆಯಲ್ಲಿಯೇ ತಮ್ಮ ಇಚ್ಛೆಗೆ ವಿರುದ್ಧವಾಗಿ ಸಂಸ್ಥೆಯಿಂದ ಹೊರಬಿದ್ದಿದ್ದರೆಂಬುದು ಬಯಲಾಯಿತು. ಅವರು ಸಂಸ್ಥೆಯನ್ನು ಮೋಸದಿಂದ ವಶಮಾಡಿಕೊಂಡರೆಂದರು. ಸಂಸ್ಥೆಯವರು ಇವರ ನಡತೆಯನ್ನು ದೂರಿದರು. ಕೆಲಸ ನ್ಯಾಯಾಲಯಕ್ಕೂ ಹೋಯಿತು. ಯಾರ ಕಡೆ ನ್ಯಾಯವೆಂದು ದೂರದಲ್ಲಿರುವ ನಾವು ಹೇಳಲಾರೆವು. ಕಾದಂಬರಿ ಬರೆದು ಸೋತವನ ಬಳಿ ಅವನ ಲೋಕವಾದರೂ ಉಳಿದಿತ್ತು. ಗೆದ್ದ ಮೇಲೆ ಅದೇ ಲೋಕವು ಷೇರುಗಳ ಲೆಕ್ಕದೊಳಗೆ ಸಿಕ್ಕಿ ಅವನ ಕೈಬಿಟ್ಟಿತು ಎಂಬಷ್ಟು ಮಾತ್ರ ನಿರ್ವಿವಾದ.

ಕಿವಿಯನ್ನೇ ಬಯಸದ ಆಟಗಳೂ ಇವೆಯೆಂಬುದನ್ನು ಇಲ್ಲಿ ಹೇಳದಿದ್ದರೆ ಚರಿತ್ರೆ ಒಕ್ಕಣ್ಣಿನದಾದೀತು. ಟೋಕಿಯೋದ ಹಿಡೆಟಕ ಮಿಯಾಜಾಕಿಯವರ ‘ಎಲ್ಡನ್ ರಿಂಗ್’ (೨೦೨೨) ಮೂರು ವರ್ಷಗಳಲ್ಲಿ ೩ ಕೋಟಿ ಪ್ರತಿಗಳಷ್ಟು ಖರ್ಚಾಯಿತು. ಅದರ ಹಿನ್ನೆಲೆಯ ಪುರಾಣವನ್ನು ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದುಕೊಟ್ಟರು, ಆದರೆ ಆಟವು ಆ ಪುರಾಣವನ್ನು ಹೇಳುವುದೇ ಇಲ್ಲ. ಮುರಿದ ಗೋಡೆ, ಉಂಗುರದ ಮೇಲಿನ ಒಂದು ಸಾಲು, ಸಾಯುತ್ತಿರುವವನ ಅರೆಮಾತು, ಇವುಗಳಿಂದ ಆಟಗಾರನೇ ಅದನ್ನು ಜೋಡಿಸಿಕೊಳ್ಳಬೇಕು. ಮಿಯಾಜಾಕಿಯವರು ಬಡತನದ ಬಾಲ್ಯದಲ್ಲಿ ಗ್ರಂಥಾಲಯದಿಂದ ತಂದ, ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದುತ್ತ, ತಿಳಿಯದ ಕಡೆಗಳನ್ನು ಚಿತ್ರ ನೋಡಿ ತಾವೇ ಊಹಿಸಿ ತುಂಬಿಕೊಳ್ಳುತ್ತಿದ್ದರಂತೆ. ಒಗಟಿನಂತಹ ಆಟ ಅಲ್ಲಿಂದ ಬಂದುದು. ಇನ್ನೊಂದು ವಿಶೇಷ: ಆಟಗಾರರು ಗೊತ್ತಾದ ಕೆಲವು ಪದಗಳಿಂದ ನೆಲದ ಮೇಲೆ ಒಂದು ಸಾಲು ಬರೆದಿಡಬಹುದು, ಎಲ್ಲಿಯೋ ಆಡುತ್ತಿರುವ ಅಪರಿಚಿತನಿಗೆ ಅದು ಕಾಣುತ್ತದೆ. ಒಮ್ಮೆ ಹಿಮ ಬಿದ್ದ ಏರಿನಲ್ಲಿ ಮುಂದಿನ ಕಾರುಗಳು ಜಾರಿ ನಿಂತಾಗ ಹಿಂದಿನವು ಅವನ್ನು ಮೆಲ್ಲನೆ ತಳ್ಳಿ ಏರಿಸಿದುವಂತೆ. ಗುಡ್ಡ ದಾಟಿದ ಮೇಲೆ ಯಾರು ಯಾರಿಗೂ ಸಿಗಲಿಲ್ಲ. ತಮ್ಮ ಆಟಗಳಲ್ಲಿ ಅಪರಿಚಿತರು ಒಬ್ಬರಿಗೊಬ್ಬರು ನೆರವಾಗುವ ಕ್ರಮದ ಮೂಲ ಅದೇ ಎಂದು ಮಿಯಾಜಾಕಿ ಹೇಳಿದ್ದಾರೆ. ಯಂತ್ರ ಕೇಳದಿದ್ದರೇನು, ಆಟಗಾರರೇ ಒಬ್ಬರಿಗೊಬ್ಬರು ಕಿವಿಯಾಗಲಿ ಎಂಬಂತೆ.

ಫ್ರಾನ್ಸಿನ ಮೋಂಪೆಲಿಯೆ ನಗರದಲ್ಲಿ ಮೂವತ್ತರ ಸುಮಾರಿನ ಜನರ ತಂಡ ರಚಿಸಿದ ‘ಕ್ಲೇರ್ ಒಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ ೩೩’ (೨೦೨೫) ಕೂಡ ಇದೇ ವರ್ಗದ್ದು. ವರ್ಷಕ್ಕೊಮ್ಮೆ ಚಿತ್ರಗಾರ್ತಿಯೊಬ್ಬಳು ಕಂಬದ ಮೇಲೆ ಒಂದು ಅಂಕಿ ಬರೆಯುತ್ತಾಳೆ. ಆ ವಯಸ್ಸಿನವರೆಲ್ಲ ಹೂವಿನ ಎಸಳುಗಳಾಗಿ ಚೆದರಿಹೋಗುತ್ತಾರೆ. ಅಂಕಿ ವರ್ಷವರ್ಷಕ್ಕೂ ಇಳಿಯುತ್ತಿದೆ. ಜಪಾನಿನ ಹಳೆಯ ಮಾದರಿಯನ್ನೇ ಹಿಡಿದು, ಕಥೆಯನ್ನು ಕೇಳಿಸುವುದರಲ್ಲಿ ಇದು ಪಡೆದ ಸಿದ್ಧಿಗೆ ಆ ವರ್ಷದ ಶ್ರೇಷ್ಠ ಆಟವೆಂಬ ಬಹುಮಾನ ಬಂದಿತು.

ಈಗ ಕೊನೆಗಿಟ್ಟುಕೊಂಡಿದ್ದ ಕವಲು. ‘ಬಾಲ್ಡರ್ಸ್ ಗೇಟ್’ನ ಎರಡನೆಯ ಭಾಗ ೨೦೦೦ದಲ್ಲಿ ಬಂದು ಸರಣಿಯು ನಿಂತಿತ್ತು. ಅದನ್ನು ಮತ್ತೆ ಎತ್ತಿಕೊಂಡವರು ಬೆಲ್ಜಿಯಮ್ಮಿನ ಗೆಂಟ್ ನಗರದ ಲಾರಿಯನ್ ಸಂಸ್ಥೆಯವರು. ಸ್ವೆನ್ ವಿಂಕೆ ಎಂಬವರು ೧೯೯೬ರಲ್ಲಿ ಸ್ಥಾಪಿಸಿ, ಹಲವು ಬಾರಿ ಮುಳುಗುವುದರಲ್ಲಿದ್ದು ಬದುಕಿಕೊಂಡ ಸಂಸ್ಥೆ ಅದು. ಅವರು ಮಾಡಿದ ಮೊದಲ ಜಾಣತನವೆಂದರೆ ೨೦೨೦ರ ಅಕ್ಟೋಬರಿನಲ್ಲಿ ಆಟದ ಮೊದಲ ಅಂಕವನ್ನು ಮಾತ್ರ ಮಾರಾಟಕ್ಕಿಟ್ಟು, ಜನ ಅದರಲ್ಲಿ ಏನೇನು ಮಾಡಲೆಳಸುವರೆಂದು ಮೂರು ವರ್ಷಗಳ ಹತ್ತಿರ ನೋಡಿದುದು. ಯಾರೂ ಊಹಿಸದ ದಾರಿ ಕಂಡಾಗ ಅದಕ್ಕೆ ತಕ್ಕ ಉತ್ತರ ಬರೆಯಲು ಹೊತ್ತು ದೊರೆಯಿತು. ಮೇಜಿನ ಸೂತ್ರಧಾರನು ಒಂದು ಗಳಿಗೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ನೂರಾರು ಜನರು ವರ್ಷಗಟ್ಟಲೆ ಕುಳಿತು ಮಾಡಿದರೆಂದಾಯಿತು. ೨೦೨೩ರ ಆಗಸ್ಟ್ ೩ರಂದು ಪೂರ್ತಿ ಆಟ ಬಂದಾಗ ತೆರೆಯ ಮೇಲೆ ಇಪ್ಪತ್ತು ಮುಖದ ದಾಳ ಎಲ್ಲರಿಗೂ ಕಾಣುವಂತೆ ಉರುಳಿತು. ಒಬ್ಬ ನಿರೂಪಕಿಯ ದನಿ ಆಟಗಾರನ ಕಿವಿಯ ಬಳಿ ‘ನೀನು’ ಎಂದು ಕರೆಯುತ್ತ, ಕಂಡುದನ್ನು ವರ್ಣಿಸುತ್ತ, ಒಮ್ಮೊಮ್ಮೆ ಸಣ್ಣದಾಗಿ ಅಣಕಿಸುತ್ತ ಉದ್ದಕ್ಕೂ ಜೊತೆಗಿದ್ದಿತು. ಐವತ್ತು ವರ್ಷಗಳಿಂದ ಯಂತ್ರವು ಮುಚ್ಚಿಡಲು ಹೆಣಗಿದ್ದ ಮೇಜನ್ನೂ ದಾಳವನ್ನೂ ಸೂತ್ರಧಾರನನ್ನೂ ಇವರು ನಾಚದೆ ತೆರೆಯ ಮೇಲೆ ತಂದು ಕೂರಿಸಿದರು.

ಇಷ್ಟೆಲ್ಲ ಶ್ರಮವೇಕೆ, ಏನು ಹೇಳಿದರೂ ಉತ್ತರಿಸುವ ಯಂತ್ರವೇ ಈಗ ಬಂದಿದೆಯಲ್ಲ ಎಂದು ವಾಚಕರು ಕೇಳಬಹುದು. ನಿಜ, ೨೦೧೯ರ ಡಿಸೆಂಬರಿನಲ್ಲಿಯೇ ‘ಎಐ ಡಂಜನ್’ ಎಂಬ ಆಟ ಹೊರಬಂದಿತು. ಅದರಲ್ಲಿ ಎಣಿಸಿದ ಮಾತುಗಳಿಲ್ಲ. ಜೋಗುಳ ಹಾಡುತ್ತೇನೆಂದು ಬರೆದರೆ ರಾಕ್ಷಸನು ಮಲಗುತ್ತಾನೆ. ಆದರೆ ಚಂದ್ರನನ್ನು ಕಿತ್ತು ಜೇಬಿಗಿಡುತ್ತೇನೆಂದು ಬರೆದರೂ ಆಗಲಿ ಎನ್ನುತ್ತದೆ. ಹತ್ತು ಸಾಲಿನ ಮೇಲೆ ರಾಕ್ಷಸನ ಹೆಸರನ್ನೇ ಮರೆಯುತ್ತದೆ. ಆ ಬಗೆಯ ಯಂತ್ರಗಳು ಆ ಮೇಲೆ ಬಹಳ ಬೆಳೆದಿವೆ, ನೆನಪೂ ಬೆಳೆದಿದೆ. ಆದರೂ ವೆರ್ದಿ ಹೇಳಿದ ಮಧ್ಯಸ್ಥನ ವಿವೇಕವೆಂಬುದು ಕೇಳುವುದರಲ್ಲಿ ಮಾತ್ರ ಇರಲಿಲ್ಲ; ಕೇಳಿದ ಮೇಲೆ ‘ಆಗದು’ ಎನ್ನುವುದರಲ್ಲಿಯೂ ಇತ್ತು.

ಲಾರಿಯನ್ನರ ಆಟದಲ್ಲಿ ಸತ್ತವರೊಡನೆ ಮಾತಾಡುವ ಒಂದು ಮಂತ್ರವುಂಟು. ಹೆಣದ ಮುಂದೆ ನಿಂತು ಜಪಿಸಿದರೆ ಅದು ಎದ್ದು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಆದರೆ ಕೊಂದವನೇ ಬಂದು ಕೇಳಿದರೆ ಹೆಣವು ಬಾಯಿಬಿಡುವುದಿಲ್ಲ. ಆಟಗಾರನು ಸ್ವಲ್ಪ ಹೊತ್ತು ಯೋಚಿಸಿ, ಮಾರುವೇಷದ ಇನ್ನೊಂದು ಮಂತ್ರದಿಂದ ಬೇರೆ ಮುಖ ತಾಳಿ ಮತ್ತೆ ಅದೇ ಹೆಣದ ಮುಂದೆ ಬಂದು ನಿಂತರೆ, ಅದು ಗುರುತು ಹಿಡಿಯದೆ ಎಲ್ಲವನ್ನೂ ಹೇಳಿಬಿಡುತ್ತದೆ.